ಕ್ರೂಸಿಗೆ ವೈನ್ ಮನೆಯಿಂದ ಒಯ್ಯುವುದೋ, ಹಡಗಿನಲ್ಲೇ ಕೊಳ್ಳುವುದೋ?

ಕ್ರೂಸ್ ಬುಕ್ ಆದ ಮೇಲೆ ವೈನ್ ಇಷ್ಟಪಡುವವರೆಲ್ಲ ಒಂದು ಸಲ ಈ ಲೆಕ್ಕ ಹಾಕಿಯೇ ಹಾಕುತ್ತಾರೆ. ಹಡಗಿನಲ್ಲಿ ವೈನ್ ದುಬಾರಿ, ಅಂಗಡಿಯಲ್ಲಿ ಅಗ್ಗ, ಹಾಗಾದರೆ ಪೆಟ್ಟಿಗೆಯಲ್ಲಿ ನಾಲ್ಕು ಬಾಟಲಿ ತುರುಕಿಕೊಂಡು ಹೋದರೆ ಆಯ್ತಲ್ವಾ? ಆಗಲ್ಲ. ಬಹುತೇಕ ಹಡಗುಗಳು ಅಷ್ಟು ಬಾಟಲಿ ಬಿಡುವುದಿಲ್ಲ, ಬಿಡುವ ಹಡಗುಗಳಲ್ಲೂ ಹೆಚ್ಚಿನವು ಅದಕ್ಕೆ ದುಡ್ಡು ತಗೊಳ್ಳುತ್ತವೆ. ಹಾಗಂತ ಏನೂ ಒಯ್ಯದೇ ಹೋಗುವುದೂ ಸರಿಯಲ್ಲ. ಸರಿಯಾದ ಒಂದು ಬಾಟಲಿ ಆರಿಸಿಕೊಂಡು ಹೋದರೆ ಹಡಗಿನಲ್ಲಿ ಅದರ ಎರಡರಷ್ಟು ಕೊಟ್ಟರೂ ಸಿಗದ ವೈನ್ ನಿಮ್ಮ ಮೇಜಿನ ಮೇಲಿರುತ್ತದೆ.

ನಾನು ಕಂಡ ಹಾಗೆ ಜನ ಎಷ್ಟು ಬಾಟಲಿ ಒಯ್ಯಬಹುದು ಅಂತ ಮಾತ್ರ ಕೇಳುತ್ತಾರೆ. ಎಲ್ಲಿ ಕೂತು ಕುಡಿಯುತ್ತೇನೆ ಅಂತ ಮೊದಲು ಕೇಳಿಕೊಳ್ಳಬೇಕು. ಕ್ಯಾಬಿನ್ ಬಾಲ್ಕನಿಯಲ್ಲಿ ತೆರೆದರೆ ಒಂದು ಲೆಕ್ಕ, ಡೈನಿಂಗ್ ಹಾಲ್‌ನಲ್ಲಿ ತೆರೆದರೆ ಇನ್ನೊಂದು ಲೆಕ್ಕ. ಎರಡರ ನಡುವೆ ಇರುವುದು ಕಾರ್ಕೇಜ್. ಅಂದರೆ ನೀವು ತಂದ ಬಾಟಲಿಯನ್ನು ಹಡಗಿನ ಊಟದ ಮೇಜಿನಲ್ಲಿ ತೆರೆದು ಬಡಿಸಲು ಅವರು ಹಾಕುವ ಶುಲ್ಕ. ಈ ಶುಲ್ಕ ಬಾಟಲಿಯ ಬೆಲೆ ನೋಡುವುದಿಲ್ಲ. 10 ಡಾಲರಿನ ಬಾಟಲಿಗೂ ಅಷ್ಟೇ, 100 ಡಾಲರಿನ ಬಾಟಲಿಗೂ ಅಷ್ಟೇ. ಇದೊಂದು ಮಾತು ನೆನಪಿದ್ದರೆ ಮುಂದಿನ ಆಯ್ಕೆಗಳು ಅರ್ಧ ಸುಲಭವಾಗುತ್ತವೆ.

ಯಾವ ಕಂಪನಿ ಏನು ಹೇಳುತ್ತದೆ

ಕಾರ್ನಿವಲ್ ಹಡಗುಗಳಲ್ಲಿ 21 ದಾಟಿದ ಪ್ರತಿಯೊಬ್ಬರೂ 750 ಮಿಲಿಯ ಒಂದು ಬಾಟಲಿ ವೈನ್ ಅಥವಾ ಶಾಂಪೇನ್ ತರಬಹುದು. ಹತ್ತುವ ದಿನ ಮಾತ್ರ, ಸೀಲ್ ಒಡೆದಿರಬಾರದು, ಕೈಚೀಲದಲ್ಲೇ ಇರಬೇಕು. ಕ್ಯಾಬಿನ್‌ನಲ್ಲಿ ಕುಡಿದರೆ ಶುಲ್ಕವಿಲ್ಲ. ಊಟದ ಹಾಲಿಗೆ ತಂದರೆ ಬಾಟಲಿಗೆ 15 ಡಾಲರ್ ಕಾರ್ಕೇಜ್.

ರಾಯಲ್ ಕೆರಿಬಿಯನ್‌ನಲ್ಲೂ ಹೆಚ್ಚುಕಡಿಮೆ ಇದೇ. ಮದ್ಯದ ವಯಸ್ಸು ದಾಟಿದ ತಲೆಗೆ ಒಂದು ಬಾಟಲಿ, ಹತ್ತುವ ದಿನ ಮಾತ್ರ. ಹಿಂದೆ ಅಲ್ಲಿ ಕ್ಯಾಬಿನ್ನಿಗೆ ಎರಡು ಬಾಟಲಿ ಅಂತ ಇತ್ತು. ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಈ ಬದಲಾವಣೆಯಿಂದ ಏನೂ ವ್ಯತ್ಯಾಸವಿಲ್ಲ. ಒಬ್ಬರೇ ಹೋಗುವವರಿಗೆ ಒಂದು ಬಾಟಲಿ ಕಡಿಮೆಯಾಯಿತು, ಒಂದೇ ಕ್ಯಾಬಿನ್‌ನಲ್ಲಿ ಮೂರು ಜನ ದೊಡ್ಡವರು ಇರುವವರಿಗೆ ಒಂದು ಜಾಸ್ತಿಯಾಯಿತು. ಇಂಥ ಸಣ್ಣ ತಿದ್ದುಪಡಿಗಳು ಆಗಾಗ ಆಗುತ್ತಿರುತ್ತವೆ. ಅದಕ್ಕೇ ಪೆಟ್ಟಿಗೆ ಕಟ್ಟುವ ವಾರ ನಿಮ್ಮ ಕಂಪನಿಯ ಮದ್ಯದ ನಿಯಮದ ಪುಟವನ್ನು ಒಮ್ಮೆ ತೆರೆದು ಓದಿ. ಹೋದ ವರ್ಷ ಹೋಗಿ ಬಂದ ಸ್ನೇಹಿತರ ಮಾತನ್ನೇ ನೆಚ್ಚಿಕೊಳ್ಳಬೇಡಿ.

ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕಾ ಸ್ವಲ್ಪ ಸಡಿಲ. ತಲೆಗೆ ಮೊದಲ ಬಾಟಲಿಯನ್ನು ಕ್ಯಾಬಿನ್‌ನಲ್ಲಿ ಕುಡಿಯುವುದಾದರೆ ಶುಲ್ಕವಿಲ್ಲ. ಅದರ ಮೇಲೂ ತರಬಹುದು, ಆದರೆ ಹೆಚ್ಚುವರಿ ಬಾಟಲಿಗೆ ತಲಾ 20 ಡಾಲರಿನಷ್ಟು ಕಾರ್ಕೇಜ್ ಕಟ್ಟಬೇಕು, ಅದನ್ನು ಎಲ್ಲಿ ಕುಡಿದರೂ ಸರಿ. ಒಳ್ಳೆಯ ಬಾಟಲಿಗಳನ್ನು ಕೂಡಿಟ್ಟುಕೊಂಡು ಕ್ರೂಸಿನಲ್ಲಿ ರಾತ್ರಿಗೊಂದು ತೆರೆಯಬೇಕು ಅನ್ನುವ ಆಸೆ ಇರುವವರಿಗೆ ಇದು ಹೇಳಿ ಮಾಡಿಸಿದ ನಿಯಮ.

ನಾರ್ವೇಜಿಯನ್ ದಾರಿಯೇ ಬೇರೆ. ಅಲ್ಲಿ ಎಷ್ಟು ಬಾಟಲಿ ಅನ್ನುವ ಮಿತಿ ಇಲ್ಲ, ಆದರೆ ಉಚಿತ ಬಾಟಲಿಯೂ ಇಲ್ಲ. 750 ಮಿಲಿಗೆ 15 ಡಾಲರ್, ಒಂದೂವರೆ ಲೀಟರಿನ ಮ್ಯಾಗ್ನಂ ಬಾಟಲಿಗೆ 30 ಡಾಲರ್. ಹಡಗಿನೊಳಗೆ ಬಂದಿತು ಅಂದರೆ ಶುಲ್ಕ ಬಿತ್ತು. ನೀವು ಕ್ಯಾಬಿನ್‌ನಲ್ಲಿ ಬಾಗಿಲು ಹಾಕಿಕೊಂಡು ಕುಡಿದರೂ ಅಷ್ಟೇ. ಹಾಗಾಗಿ ಬೇರೆ ಕಂಪನಿಯಲ್ಲಿ ಹೊಂದುವ, ಬಾಲ್ಕನಿಯಲ್ಲಿ ಕುಡಿಯಲು ಒಂದು ಅಗ್ಗದ ಬಾಟಲಿ ಅನ್ನುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಡಿಸ್ನಿ ಈ ವಿಷಯದಲ್ಲಿ ಉದಾರಿ. 21 ದಾಟಿದ ಒಬ್ಬೊಬ್ಬರೂ ಎರಡು ಬಾಟಲಿ ವೈನ್ ಅಥವಾ ಆರು ಬಿಯರ್ ತರಬಹುದು. ಹತ್ತುವ ದಿನ ಮಾತ್ರವಲ್ಲ, ಪ್ರತಿ ಬಂದರಿನಲ್ಲೂ ಅಷ್ಟೇ ಮತ್ತೆ ತರಬಹುದು. ಇಬ್ಬರು ದೊಡ್ಡವರಿದ್ದರೆ ಮೊದಲ ದಿನವೇ ನಾಲ್ಕು ಬಾಟಲಿ ಆಯ್ತು. ಮಕ್ಕಳನ್ನು ಮಲಗಿಸಿ ಕ್ಯಾಬಿನ್‌ನಲ್ಲೇ ಕೂತು ಕುಡಿಯುವ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಅನುಕೂಲ ಬೇರೆ ಕಡೆ ಕಾಣೆ. ಊಟದ ಹಾಲಿಗೆ ಒಯ್ದರೆ ಮಾತ್ರ ಕಾರ್ಕೇಜ್ ಜೋರು, 25 ಡಾಲರಿಗಿಂತ ಮೇಲೆ.

ವೈಕಿಂಗ್ ಹಡಗುಗಳಲ್ಲಿ ನಿಮ್ಮ ಬಾಟಲಿ ತಂದರೆ ಕಾರ್ಕೇಜೇ ಇಲ್ಲ, ಜೊತೆಗೆ ಮಧ್ಯಾಹ್ನ ಮತ್ತು ರಾತ್ರಿ ಊಟದ ಹೊತ್ತಿಗೆ ಅವರ ವೈನ್, ಬಿಯರ್ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಎಂಎಸ್‌ಸಿ ಇದಕ್ಕೆ ತದ್ವಿರುದ್ಧ. ಹೊರಗಿನ ಮದ್ಯ ಒಳಗೆ ತರುವಂತಿಲ್ಲ. ಬಂದರಿನಲ್ಲಿ ಕೊಂಡ ಬಾಟಲಿಯನ್ನು ತೆಗೆದಿಟ್ಟುಕೊಂಡು ಪ್ರಯಾಣ ಮುಗಿಯುವಾಗ ಕೊಡುತ್ತಾರೆ. ಇನ್ನು ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬೋರ್ನ್ ಥರದ ದುಬಾರಿ ಹಡಗುಗಳಲ್ಲಿ ವೈನ್ ಟಿಕೆಟ್ಟಿನ ಬೆಲೆಯಲ್ಲೇ ಬಂದಿರುತ್ತದೆ. ಅಲ್ಲಿಗೆ ಬಾಟಲಿ ಹೊತ್ತುಕೊಂಡು ಹೋಗಲು ಒಂದೇ ಕಾರಣ ಇರಬಹುದು, ನಿಮಗೆ ತುಂಬಾ ಬೇಕಾದ ಒಂದು ವೈನ್ ಅವರ ಪಟ್ಟಿಯಲ್ಲಿ ಇಲ್ಲದಿರುವುದು.

ವಿಸ್ಕಿ, ರಮ್, ವೋಡ್ಕಾ ಥರದ ಮದ್ಯಕ್ಕೆ ಮೇಲಿನ ದೊಡ್ಡ ಅಮೆರಿಕನ್ ಕಂಪನಿಗಳು ಯಾವುವೂ ಒಪ್ಪುವುದಿಲ್ಲ. ಡಬ್ಬಿ ವೈನ್, ಅಂದರೆ ರಟ್ಟಿನ ಪೆಟ್ಟಿಗೆಯಲ್ಲಿ ಬರುವುದು, ಅದಕ್ಕೂ ಇಲ್ಲ ಅನ್ನುವ ಕಡೆಯೇ ಹೆಚ್ಚು. ಮೌತ್‌ವಾಶ್ ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಸಿಕ್ಕಿಬಿದ್ದರೆ ಚೆಲ್ಲುತ್ತಾರೆ, ದುಡ್ಡು ವಾಪಸ್ ಬರಲ್ಲ, ರಜೆಯ ಮೊದಲ ಗಂಟೆಯಲ್ಲೇ ಮನಸ್ಸು ಕೆಡುತ್ತದೆ. ನ್ಯಾಯವಾಗಿ ಒಂದು ಬಾಟಲಿ ಬಿಡುತ್ತಾರಲ್ಲ, ಅದನ್ನು ಚೆನ್ನಾಗಿ ಬಳಸಿಕೊಳ್ಳೋಣ.

ದುಡ್ಡಿನ ಲೆಕ್ಕ

ಹಡಗಿನ ವೈನ್ ಪಟ್ಟಿಯೂ ಹೋಟೆಲಿನ ಪಟ್ಟಿಯ ಹಾಗೇ. ಅಂಗಡಿ ಬೆಲೆಯ ಎರಡೂವರೆ ಮೂರು ಪಟ್ಟು ಇರುವುದು ಸಾಮಾನ್ಯ. ಅದರ ಮೇಲೆ 18ರಿಂದ 20 ಪರ್ಸೆಂಟ್ ಸೇವಾ ಶುಲ್ಕ ತಾನಾಗೇ ಸೇರುತ್ತದೆ. ಪಟ್ಟಿಯಲ್ಲಿ ಕಾಣುವ ಬೆಲೆ ನೋಡಿ ಲೆಕ್ಕ ಹಾಕುವವರು ಈ 20 ಪರ್ಸೆಂಟನ್ನು ಮರೆತೇ ಬಿಡುತ್ತಾರೆ.

ಒಂದು ಉದಾಹರಣೆ ತಗೊಳ್ಳಿ. ಅಂಗಡಿಯಲ್ಲಿ 12 ಡಾಲರಿಗೆ ಸಿಗುವ ಬಾಟಲಿ ಹಡಗಿನಲ್ಲಿ 36 ಡಾಲರ್ ಅಂತಿಟ್ಟುಕೊಳ್ಳೋಣ. ಸೇವಾ ಶುಲ್ಕ ಸೇರಿದರೆ 43 ಚಿಲ್ಲರೆ. ಅದನ್ನೇ ಮನೆಯಿಂದ ಒಯ್ದು 15 ಡಾಲರ್ ಕಾರ್ಕೇಜ್ ಕೊಟ್ಟು ಊಟದ ಮೇಜಿನಲ್ಲಿ ತೆರೆದರೆ 27. ಉಳಿದಿದ್ದು 16 ಡಾಲರ್. ಪರವಾಗಿಲ್ಲ ಅನ್ನಿಸಬಹುದು, ಆದರೆ ಅಷ್ಟಕ್ಕಾಗಿ ನೀವು ಒಂದೂಕಾಲು ಕಿಲೋ ಭಾರದ ಗಾಜನ್ನು ವಿಮಾನ, ಟ್ಯಾಕ್ಸಿ, ಬಂದರು ಅಂತ ಹೊತ್ತು ತಿರುಗಿರುತ್ತೀರಿ. ಜೊತೆಗೆ ನಿಮ್ಮ ಪಾಲಿನ ಒಂದೇ ಬಾಟಲಿಯ ಅವಕಾಶವನ್ನು ಎಲ್ಲ ಕಡೆ ಸಿಗುವ ವೈನಿಗೆ ಖರ್ಚು ಮಾಡಿದಿರಿ.

ಈಗ ಅಂಗಡಿಯಲ್ಲಿ 45 ಡಾಲರಿನ ಬಾಟಲಿ. ಹಡಗಿನ ಪಟ್ಟಿಯಲ್ಲಿ ಅದು 110ರ ಹತ್ತಿರ, ಸೇವಾ ಶುಲ್ಕ ಸೇರಿ 132. ಮನೆಯಿಂದ ತಂದು ಕಾರ್ಕೇಜ್ ಕೊಟ್ಟರೆ 60. ಅರ್ಧಕ್ಕಿಂತ ಕಡಿಮೆ! ಹೊರುವ ಭಾರ ಅಷ್ಟೇ, ಕಾರ್ಕೇಜ್ ಅಷ್ಟೇ, ಉಳಿತಾಯ ಮಾತ್ರ ನಾಲ್ಕು ಪಟ್ಟಿಗಿಂತ ಹೆಚ್ಚು. ನನ್ನ ಅಭಿಪ್ರಾಯವೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ಒಯ್ಯುವುದಾದರೆ ಒಳ್ಳೆಯದನ್ನೇ ಒಯ್ಯಿರಿ. ದಿನಾ ಕುಡಿಯುವ ಸಾಧಾರಣ ವೈನನ್ನು ಹಡಗಿನಲ್ಲೇ ಕೊಂಡುಕೊಳ್ಳಿ, ಇಲ್ಲವೇ ಕ್ಯಾಬಿನ್‌ನಲ್ಲಿ ಶುಲ್ಕವಿಲ್ಲದ ಕಡೆ ಮಾತ್ರ ಒಯ್ಯಿರಿ.

ಗ್ಲಾಸಿನ ಲೆಕ್ಕದಲ್ಲಿ ಕೊಳ್ಳುವವರೂ ಒಮ್ಮೆ ಕೂಡಿ ನೋಡಬೇಕು. 750 ಮಿಲಿ ಅಂದರೆ 150 ಮಿಲಿಯ ಐದು ಗ್ಲಾಸು. ಗ್ಲಾಸಿಗೆ 12 ಡಾಲರ್, ಸೇವಾ ಶುಲ್ಕ ಸೇರಿ 14.40. ಐದಕ್ಕೆ 72 ಡಾಲರ್. ಅದೇ ಥರದ ವೈನನ್ನು ಬಾಟಲಿಯಾಗಿ ಕೊಂಡರೆ ಅದಕ್ಕಿಂತ ತುಂಬಾ ಕಡಿಮೆಗೆ ಬರುತ್ತದೆ. ಇಬ್ಬರು ಊಟಕ್ಕೆ ಎರಡೆರಡು ಗ್ಲಾಸು ಕುಡಿಯುವವರಾದರೆ ಗ್ಲಾಸಿನಲ್ಲಿ ಕೊಳ್ಳುವುದಕ್ಕೆ ಅರ್ಥವೇ ಇಲ್ಲ. ಒಬ್ಬರೇ ಇದ್ದು, ಒಂದು ದಿನ ಬಿಳಿ, ಒಂದು ದಿನ ಕೆಂಪು ಅಂತ ಬೇರೆ ಬೇರೆ ರುಚಿ ನೋಡುವವರಿಗೆ ಮಾತ್ರ ಗ್ಲಾಸು ಸರಿ.

ಇನ್ನು ಡ್ರಿಂಕ್ಸ್ ಪ್ಯಾಕೇಜು, ಅಂದರೆ ದಿನಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಗ್ಲಾಸಿಗೆ ಬೇರೆ ಕೊಡದೇ ಕುಡಿಯುವ ವ್ಯವಸ್ಥೆ. ಬುಕ್ ಮಾಡಿದ ದಿನದಿಂದ ಕಂಪನಿಯವರು ಇದರದ್ದೇ ಈಮೇಲ್ ಕಳಿಸುತ್ತಿರುತ್ತಾರೆ. ವೈನ್ ಮಾತ್ರ ಕುಡಿಯುವವರಿಗೆ ಇದು ಬಹಳ ಸಲ ನಷ್ಟ. ದಿನಕ್ಕೆ 75 ಡಾಲರ್ ಅಂದುಕೊಂಡರೆ ಸೇವಾ ಶುಲ್ಕ ಸೇರಿ 90. ಮೇಲಿನ ಲೆಕ್ಕದ ಗ್ಲಾಸಿನಲ್ಲಿ ಅದು ದಿನಕ್ಕೆ ಆರು ಗ್ಲಾಸಿಗಿಂತ ಜಾಸ್ತಿ. ಬಂದರಿನಲ್ಲಿ ಇಳಿದು ಸುತ್ತಾಡುವ ದಿನ ಅರ್ಧ ಹೊತ್ತು ಹಡಗಿನಲ್ಲೇ ಇರುವುದಿಲ್ಲ, ಆದರೂ ಆ ದಿನದ ದುಡ್ಡು ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಾರ್ನಿವಲ್, ರಾಯಲ್ ಕೆರಿಬಿಯನ್ ಥರದ ಕಡೆ ಒಂದೇ ಕ್ಯಾಬಿನ್‌ನಲ್ಲಿರುವ ದೊಡ್ಡವರೆಲ್ಲ ಪ್ಯಾಕೇಜ್ ಕೊಳ್ಳಬೇಕು, ಒಬ್ಬರು ಕೊಂಡು ಇಬ್ಬರು ಹಂಚಿಕೊಳ್ಳಬಾರದು ಅಂತ ನಿಯಮ. ನಿಮ್ಮ ಜೊತೆಗಿರುವವರು ವಾರಕ್ಕೊಂದು ಗ್ಲಾಸು ಮಾತ್ರ ಕುಡಿಯುವವರಾದರೆ ಅಲ್ಲಿಗೆ ಆ ಆಯ್ಕೆ ಮುಗಿಯಿತು. ಕಾರ್ನಿವಲ್ಲಿನ ಚಿಯರ್ಸ್ ಪ್ಯಾಕೇಜಿನಲ್ಲಿ ದಿನಕ್ಕೆ 15 ಮದ್ಯದ ಪಾನೀಯಗಳ ಮಿತಿ ಇದೆ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ವೈನ್ ಸವಿಯುವವರು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಹೋಗಲೂಬಾರದು. ಅವರು ನೋಡಬೇಕಾದ ಮಿತಿ ಬೇರೆ, ಗ್ಲಾಸಿನ ಬೆಲೆ ಎಷ್ಟರವರೆಗೆ ಪ್ಯಾಕೇಜಿನಲ್ಲಿ ಸೇರುತ್ತದೆ ಅನ್ನುವುದು. ಒಳ್ಳೆಯ ವೈನ್‌ಗಳು ಆ ಗೆರೆಯ ಆಚೆಗೇ ಇರುತ್ತವೆ.

ಬೆಳಿಗ್ಗೆ ಕಾಫಿಯಿಂದ ಹಿಡಿದು ಮಧ್ಯಾಹ್ನ ಕಾಕ್‌ಟೇಲ್, ಸಂಜೆ ಬಿಯರ್, ರಾತ್ರಿ ವೈನ್ ಅಂತ ಎಲ್ಲವೂ ಬೇಕು ಅನ್ನುವವರಿಗೆ ಪ್ಯಾಕೇಜ್ ಸರಿಯೇ. ಅವರೂ ತಮ್ಮ ಪಾಲಿನ ಬಾಟಲಿಯನ್ನು ಬಿಡಬೇಕಾಗಿಲ್ಲ, ಅದನ್ನು ಒಂದು ವಿಶೇಷ ರಾತ್ರಿಗೆ ಇಟ್ಟುಕೊಳ್ಳಬಹುದು.

ಕಾರ್ಕೇಜ್ ಕೊಟ್ಟರೆ ಏನು ಸಿಗುತ್ತದೆ

ಕಾರ್ಕೇಜನ್ನು ದಂಡ ಅಂತ ನೋಡುವವರೇ ಹೆಚ್ಚು. ನಾನು ಹಾಗೆ ನೋಡುವುದಿಲ್ಲ. ನಿಮ್ಮ ಬಾಟಲಿಯನ್ನು ವೈನ್ ವೇಟರ್ ಕೈಗೆ ಕೊಟ್ಟರೆ ಅವರು ಲೇಬಲ್ಲನ್ನು ನಿಮಗೇ ತೋರಿಸಿ, ಮೇಲಿನ ಹಾಳೆಯನ್ನು ನೀಟಾಗಿ ಕತ್ತರಿಸಿ, ಕಾರ್ಕ್ ತೆಗೆದು, ಮೊದಲು ಒಂದು ಗುಟುಕು ಸುರಿದು ನಿಮ್ಮ ಒಪ್ಪಿಗೆಗೆ ಕಾಯುತ್ತಾರೆ. ಬಿಳಿ ವೈನಾದರೆ ಐಸ್ ಬಕೆಟ್ ಪಕ್ಕಕ್ಕೆ ಬರುತ್ತದೆ. ಗಟ್ಟಿ ಕೆಂಪು ವೈನಾದರೆ ಡಿಕ್ಯಾಂಟರ್, ಅಂದರೆ ವೈನ್ ಸುರಿದಿಡುವ ಅಗಲ ತಳದ ಗಾಜಿನ ಹೂಜಿ, ಇದೆಯಾ ಅಂತ ಕೇಳಿ, ಇದ್ದರೆ ಅದಕ್ಕೆ ಸುರಿದು ಗಾಳಿಯಾಡಲು ಬಿಡುತ್ತಾರೆ. ಒಳ್ಳೆಯ ಗ್ಲಾಸುಗಳು ಸಿಗುತ್ತವೆ, ಇದು ಸಣ್ಣ ಮಾತಲ್ಲ. ಕ್ಯಾಬಿನ್‌ನಲ್ಲಿ ಸಿಗುವುದು ಬಹುಮಟ್ಟಿಗೆ ನೀರು ಕುಡಿಯುವ ಲೋಟ. ಒಳ್ಳೆಯ ಕೆಂಪು ವೈನನ್ನು ಅದರಲ್ಲಿ ಕುಡಿದರೆ ಅರ್ಧ ಪರಿಮಳ ಕಳೆದುಹೋಗುತ್ತದೆ.

ಕುಡಿದು ಮಿಕ್ಕಿದ್ದನ್ನು ಏನು ಮಾಡುವುದು ಅನ್ನುವ ಚಿಂತೆಯೂ ಬೇಡ. ಕುತ್ತಿಗೆಗೆ ನಿಮ್ಮ ಕ್ಯಾಬಿನ್ ನಂಬರಿನ ಚೀಟಿ ಹಾಕಿ ಎತ್ತಿಡುತ್ತಾರೆ, ಮಾರನೆಯ ರಾತ್ರಿ ಅದೇ ಬಾಟಲಿ ಮೇಜಿಗೆ ಬರುತ್ತದೆ, ಮತ್ತೆ ಶುಲ್ಕವಿಲ್ಲ. ಹಡಗಿನಲ್ಲಿ ಕೊಂಡ ಬಾಟಲಿಗೂ ಇದೇ ಪದ್ಧತಿ. ಇದು ತಿಳಿಯದೇ ಒಂದೇ ಊಟಕ್ಕೆ ಬಾಟಲಿ ಮುಗಿಸಬೇಕು ಅಂತ ಜನ ಗ್ಲಾಸಿನಲ್ಲೇ ಕೊಳ್ಳುತ್ತಿರುತ್ತಾರೆ. ಚೆನ್ನಾಗಿ ನೋಡಿಕೊಂಡ ವೇಟರಿಗೆ ಒಂದೆರಡು ಡಾಲರ್ ಕೈಗೆ ಕೊಡಿ, ನಿಮ್ಮ ಬಾಟಲಿಗೂ ಅವರು ಅಷ್ಟೇ ಶ್ರಮ ಪಟ್ಟಿರುತ್ತಾರೆ.

ಕ್ಯಾಬಿನ್‌ನಲ್ಲಿ ತೆರೆದು, ಗ್ಲಾಸಿಗೆ ಸುರಿದುಕೊಂಡು, ಆ ಗ್ಲಾಸನ್ನು ಕೈಯಲ್ಲಿ ಹಿಡಿದು ಊಟಕ್ಕೆ ಹೋಗುವ ಮಧ್ಯದ ದಾರಿಯೂ ಒಂದಿದೆ. ಕಾರ್ಕೇಜ್ ಬೀಳುವುದು ಬಾಟಲಿಗೆ, ಕೈಯಲ್ಲಿರುವ ಒಂದು ಗ್ಲಾಸಿಗೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಒಂದೇ ಗ್ಲಾಸಿನಲ್ಲಿ ಊಟ ಮುಗಿಸುವವರಿಗೆ ಇದು ಸಾಕು. ಆದರೆ ನಾಲ್ಕು ಬಗೆಯ ನಿಧಾನದ ಊಟದಲ್ಲಿ ಎರಡನೇ ಗ್ಲಾಸಿಗೆ ಅಂತ ಏಳು ಮಹಡಿ ಹತ್ತಿ ಹೋಗಿ ಬರುವುದು ಊಟ ಕೆಡಿಸಿಕೊಂಡ ಹಾಗೆ. ಈಜುಕೊಳದ ಕಡೆಗಂತೂ ಗಾಜು ಒಯ್ಯಲೇಬೇಡಿ.

ಬಾಟಲಿ ಹಡಗು ಸೇರುವವರೆಗೆ

ತೊಂದರೆ ಆಗುವುದು ಹೆಚ್ಚಾಗಿ ಇಲ್ಲೇ, ಯಾಕೆಂದರೆ ವಿಮಾನದ ನಿಯಮವೂ ಹಡಗಿನ ನಿಯಮವೂ ಒಂದಕ್ಕೊಂದು ಉಲ್ಟಾ. ವಿಮಾನದಲ್ಲಿ 100 ಮಿಲಿಗಿಂತ ಹೆಚ್ಚಿನ ದ್ರವ ಕೈಚೀಲದಲ್ಲಿ ಬಿಡುವುದಿಲ್ಲ, ಬಾಟಲಿ ದೊಡ್ಡ ಪೆಟ್ಟಿಗೆಗೆ ಹೋಗಬೇಕು. ಹಡಗಿನಲ್ಲಿ ದೊಡ್ಡ ಪೆಟ್ಟಿಗೆಯಲ್ಲಿ ಬಾಟಲಿ ಸಿಕ್ಕರೆ ತೆಗೆದುಹಾಕುತ್ತಾರೆ, ಅದು ಕೈಚೀಲದಲ್ಲೇ ಇರಬೇಕು. ಅಂದರೆ ವಿಮಾನ ಇಳಿದ ಮೇಲೆ ಬಂದರು ತಲುಪುವ ಮೊದಲು ಎಲ್ಲೋ ಒಂದು ಕಡೆ ಪೆಟ್ಟಿಗೆ ಬಿಚ್ಚಿ ಬಾಟಲಿಯನ್ನು ಕೈಚೀಲಕ್ಕೆ ವರ್ಗಾಯಿಸಬೇಕು. ಹಿಂದಿನ ರಾತ್ರಿ ಹೋಟೆಲಿನಲ್ಲಿ ತಂಗುವವರು ಬೆಳಿಗ್ಗೆ ಏಳುತ್ತಿದ್ದ ಹಾಗೇ ಈ ಕೆಲಸ ಮುಗಿಸಿಬಿಡಿ. ಬಂದರಿನ ಬಾಗಿಲಲ್ಲಿ ಟ್ಯಾಕ್ಸಿಯಿಂದ ಇಳಿಯುವಷ್ಟರಲ್ಲಿ ಕೂಲಿಯವರು ಬಂದು ದೊಡ್ಡ ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿಕೊಳ್ಳುತ್ತಾರೆ. ಆ ಗಡಿಬಿಡಿಯಲ್ಲಿ ಮರೆತರೆ ಮತ್ತೆ ಆ ಪೆಟ್ಟಿಗೆ ಕಾಣುವುದು ಕ್ಯಾಬಿನ್ ಬಾಗಿಲ ಹತ್ತಿರ, ಅದೂ ಬಾಟಲಿ ಇಲ್ಲದೇ.

ಪೆಟ್ಟಿಗೆಯಲ್ಲಿ ಇಡುವಾಗ ಬಾಟಲಿಯನ್ನು ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹೊರಹಾಕಿ ಮುಚ್ಚಿ. ಅದರ ಮೇಲೆ ದಪ್ಪನೆಯ ಸ್ವೆಟರೋ ಟವೆಲೋ ಸುತ್ತಿ. ಕುತ್ತಿಗೆಯ ಭಾಗಕ್ಕೆ ಎರಡು ಸುತ್ತು ಜಾಸ್ತಿ ಬರಲಿ, ಒಡೆಯುವುದು ಹೆಚ್ಚಾಗಿ ಅಲ್ಲೇ. ಪೆಟ್ಟಿಗೆಯ ನಟ್ಟನಡುವೆ ಇಡಿ, ನಾಲ್ಕೂ ಕಡೆ ಬಟ್ಟೆ ಬರುವ ಹಾಗೆ. ಚಕ್ರದ ಕಡೆ, ಅಂಚಿನ ಕಡೆ ಬೇಡ. ಮಾಮೂಲಿ ವೈನ್ 24 ಪರ್ಸೆಂಟಿಗಿಂತ ಕಡಿಮೆ ಆಲ್ಕೋಹಾಲ್ ಇರುವುದರಿಂದ ವಿಮಾನದ ಅಪಾಯಕಾರಿ ವಸ್ತುಗಳ ನಿಯಮದಲ್ಲಿ ಅದಕ್ಕೆ ಲೀಟರಿನ ಮಿತಿ ಇಲ್ಲ, ನಿಮ್ಮನ್ನು ಕಟ್ಟಿಹಾಕುವುದು ಪೆಟ್ಟಿಗೆಯ ತೂಕ. ಶಾಂಪೇನ್ ಬಾಟಲಿ ಇನ್ನೂ ಭಾರ, ಒಳಗಿನ ಒತ್ತಡ ಆರು ಅಟ್ಮಾಸ್ಫಿಯರಿನಷ್ಟು ಇರುವುದರಿಂದ ಗಾಜು ದಪ್ಪ ಇಟ್ಟಿರುತ್ತಾರೆ. ತುಂಬಿದ ಬಾಟಲಿ ಸುಮಾರು 1.6 ಕಿಲೋ ತೂಗುತ್ತದೆ.

ಕಾರಿನಲ್ಲಿ ಹೋಗುವವರಿಗೆ ಈ ಕಷ್ಟವಿಲ್ಲ, ಆದರೆ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಾಟಲಿ ಬಿಡಬೇಡಿ. ಗಂಟೆಗಟ್ಟಲೆ ಬಿಸಿ ತಗುಲಿದರೆ ವೈನ್ ಬೆಂದ ಹಾಗಾಗುತ್ತದೆ, ಕಾರ್ಕ್ ಉಬ್ಬಿ ಹೊರಗೆ ಬರುತ್ತದೆ.

ಬಂದರಿನಲ್ಲಿ ಕೈಚೀಲ ಎಕ್ಸ್‌ರೇಗೆ ಹೋಗುತ್ತದೆ, ಬಾಟಲಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವೈನ್ ಇದೆ ಅಂತ ನೀವೇ ಮೊದಲು ಹೇಳಿ ಹೊರಗೆ ತೆಗೆದು ತೋರಿಸಿದರೆ ಅರ್ಧ ನಿಮಿಷದ ಕೆಲಸ. ನಾರ್ವೇಜಿಯನ್‌ನಂಥ ಕಡೆ ಶುಲ್ಕವನ್ನು ನಿಮ್ಮ ಹಡಗಿನ ಖಾತೆಗೆ ಹಾಕಿಕೊಳ್ಳುತ್ತಾರೆ. ಇಬ್ಬರು ಹೋಗುವಾಗ ಎರಡೂ ಬಾಟಲಿಯನ್ನು ಒಬ್ಬರ ಚೀಲದಲ್ಲಿ ತುಂಬಬೇಡಿ. ತಲೆಗೆ ಒಂದು ಅಂದರೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಇದ್ದರೆ ಮಾತೇ ಬರುವುದಿಲ್ಲ. ಮತ್ತೆ, ಹತ್ತಿದ ತಕ್ಷಣ ಕ್ಯಾಬಿನ್ ಸಿಗುವುದಿಲ್ಲ, ಮಧ್ಯಾಹ್ನದವರೆಗೆ ಕಾಯಬೇಕಾಗಬಹುದು. ಅಲ್ಲಿಯವರೆಗೆ ಆ ಭಾರ ನಿಮ್ಮ ಹೆಗಲ ಮೇಲೇ. ತಳ ಗಟ್ಟಿಯಿರುವ ಬೆನ್ನಿನ ಚೀಲ ಒಯ್ದರೆ ಒಳ್ಳೆಯದು.

ಯಾವ ಬಾಟಲಿ

ಒಂದೇ ಬಾಟಲಿಗೆ ಅವಕಾಶ ಇದ್ದರೆ ನಾನು ಹೇಳುವುದು ಶಾಂಪೇನ್ ಅಥವಾ ಒಳ್ಳೆಯ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆ ಏಳುವ ವೈನ್. ಹಡಗಿನ ಪಟ್ಟಿಯಲ್ಲಿ ಇವುಗಳ ಬೆಲೆ ಕಣ್ಣು ಕುಕ್ಕುವಷ್ಟಿರುತ್ತದೆ. ಕ್ಯಾಬಿನ್ ಬಾಲ್ಕನಿಯಲ್ಲಿ ಕುಡಿಯಲು ಇದಕ್ಕಿಂತ ಸೊಗಸಾದ್ದು ಇನ್ನೊಂದಿಲ್ಲ, ಓಪನರ್ ಬೇಡ, ಕಾರ್ಕೇಜ್ ಇಲ್ಲದ ಕಡೆ ಪೂರ್ತಿ ಲಾಭ. ಹಡಗು ಬಂದರು ಬಿಡುವ ಹೊತ್ತಿಗೆ ಕುಡಿಯುವ ಯೋಚನೆ ಇದ್ದರೆ ಅಷ್ಟರೊಳಗೆ ತಣ್ಣಗಾಗಬೇಕಲ್ಲ, ಅದಕ್ಕೆ ಮುಂದೆ ಹೇಳಿದ್ದೇನೆ.

ಊಟದ ಮೇಜಿಗೆ ಅಂತ ಒಯ್ಯುವುದಾದರೆ ಹಡಗಿನ ಪಟ್ಟಿಯಲ್ಲಿ ಸಿಗದ್ದನ್ನು ಒಯ್ಯಿರಿ. ದೊಡ್ಡ ಹಡಗುಗಳ ಪಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರುವ ದೊಡ್ಡ ಬ್ರಾಂಡುಗಳೇ ಜಾಸ್ತಿ. ಸಣ್ಣ ತೋಟದವರು ಮಾಡಿದ, ನೀವು ಹುಡುಕಿ ಕೊಂಡ ವೈನ್ ಇದ್ದರೆ ಕಾರ್ಕೇಜ್ ಕೊಡಲು ಅದೇ ಸರಿಯಾದ ಬಾಟಲಿ.

ತಳದಲ್ಲಿ ಗಸಿ ಕಟ್ಟಿರುವ ಹಳೆಯ ಕೆಂಪು ವೈನ್ ಮಾತ್ರ ಬೇಡ. ಎಷ್ಟೇ ಆಸೆಯಿದ್ದರೂ ಮನೆಯಲ್ಲೇ ಇರಲಿ. ವಿಮಾನ, ಕಾರು, ಹೆಗಲು ಅಂತ ಅಲುಗಾಡಿದ ಮೇಲೆ ಗಸಿಯೆಲ್ಲ ಮೇಲೆದ್ದು ವೈನ್ ಕಲಕಿ ಹೋಗುತ್ತದೆ. ಅದು ಮತ್ತೆ ತಳ ಸೇರಲು ದಿನಗಳೇ ಬೇಕು, ಹಡಗಿನಲ್ಲಿ ಎಂಜಿನ್ನಿನ ನಡುಕ ನಿಲ್ಲುವುದೇ ಇಲ್ಲ. ಅಷ್ಟು ವರ್ಷ ಕಾಪಾಡಿದ ಬಾಟಲಿಗೆ ಆ ಗತಿ ಬರಬಾರದು. ಈಗಲೇ ಕುಡಿಯಲು ಹದವಾಗಿರುವ, ಎಳೆಯ ವೈನ್‌ಗಳೇ ಪ್ರಯಾಣಕ್ಕೆ ಸರಿ. ತಿರುಗಿಸುವ ಮುಚ್ಚಳ ಇದ್ದರಂತೂ ಇನ್ನೂ ಸುಲಭ, ಓಪನರ್ ಹುಡುಕಬೇಕಿಲ್ಲ, ಮಿಕ್ಕಿದ್ದನ್ನು ಹಾಗೇ ಮುಚ್ಚಿಡಬಹುದು.

ಓಪನರ್ ಒಯ್ಯುವವರು ಬ್ಲೇಡ್ ಇಲ್ಲದ್ದನ್ನು ಆರಿಸಿ. ಸಣ್ಣ ಚಾಕು ಮಡಚಿಕೊಂಡಿರುವ ವೇಟರ್ ಓಪನರ್ ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಏನೂ ಇಲ್ಲದಿದ್ದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟುವರ್ಡ್ ಹತ್ತಿರ ಕೇಳಿ, ಓಪನರ್, ಎರಡು ವೈನ್ ಗ್ಲಾಸು, ಐಸ್ ಬಕೆಟ್ ಮೂರನ್ನೂ ಒಟ್ಟಿಗೇ ಕೇಳಿಬಿಡಿ.

ಕ್ಯಾಬಿನ್ನಿನ ಪುಟ್ಟ ಫ್ರಿಜ್ಜನ್ನು ನಂಬಿ ಕೂರಬೇಡಿ. ಬಹಳಷ್ಟು ಕಡೆ ಅದು ತಂಪು ಇಡುವ ಪೆಟ್ಟಿಗೆ ಅಷ್ಟೇ, ಬೆಚ್ಚಗಿನ ಬಾಟಲಿ ತಣ್ಣಗಾಗಲು ಇಡೀ ರಾತ್ರಿ ಬೇಕು. ಬಕೆಟ್ಟಿಗೆ ಬರೀ ಐಸ್ ತುಂಬಿದರೂ ಬೇಗ ಆಗುವುದಿಲ್ಲ. ಅರ್ಧ ಐಸ್, ಅರ್ಧ ನೀರು ಹಾಕಿ, ಬಾಟಲಿಯ ಕುತ್ತಿಗೆವರೆಗೂ ಮುಳುಗಬೇಕು. ಒಂದು ಹಿಡಿ ಉಪ್ಪು ಸಿಕ್ಕರೆ ಅದನ್ನೂ ಹಾಕಿ, ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ. ಅರ್ಧ ಗಂಟೆಯೊಳಗೆ ಬಿಳಿ ವೈನ್ ಕುಡಿಯುವ ಹದಕ್ಕೆ ಬರುತ್ತದೆ. ಸ್ಪಾರ್ಕ್ಲಿಂಗ್ ವೈನ್ 6ರಿಂದ 10 ಡಿಗ್ರಿ, ಕೆಂಪು ವೈನ್ 15ರಿಂದ 18 ಡಿಗ್ರಿಯಲ್ಲಿ ಚೆನ್ನ. ಕ್ಯಾಬಿನ್ ಅದಕ್ಕಿಂತ ಬೆಚ್ಚಗಿರುವುದರಿಂದ ಕೆಂಪನ್ನೂ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ವ್ಯತ್ಯಾಸ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ. ಬಾಟಲಿಯನ್ನು ಬಾಲ್ಕನಿ ಬಾಗಿಲಿನ ಬಿಸಿಲು ಬೀಳುವ ಕಡೆ ಇಡಬೇಡಿ. ಮೇಜಿನ ಮೇಲೂ ಬೇಡ, ಹಡಗು ವಾಲಿದಾಗ ಉರುಳುತ್ತದೆ. ಬೀರುವಿನ ತಳದಲ್ಲಿ ಎರಡು ಶೂಗಳ ನಡುವೆ ಸಿಕ್ಕಿಸಿಟ್ಟರೆ ಅಲ್ಲಾಡುವುದಿಲ್ಲ.

ಯಾರಿಗೆ ಯಾವುದು

ದಂಪತಿ, ಬಾಲ್ಕನಿ ಕ್ಯಾಬಿನ್, ಊಟಕ್ಕೆ ಮುಂಚೆ ಒಂದೊಂದು ಗ್ಲಾಸು ಅಭ್ಯಾಸ: ತಲಾ ಒಂದು ಬಾಟಲಿ ಒಯ್ದು ಕ್ಯಾಬಿನ್‌ನಲ್ಲೇ ತೆರೆಯಿರಿ. ಊಟಕ್ಕೆ ಹಡಗಿನ ಬಾಟಲಿ ಕೊಂಡು ಎರಡು ರಾತ್ರಿಗೆ ಹಂಚಿಕೊಳ್ಳಿ. ಪ್ಯಾಕೇಜ್ ಬೇಡ.

ಮದುವೆಯ ವಾರ್ಷಿಕೋತ್ಸವವೋ ಹುಟ್ಟುಹಬ್ಬವೋ ಇರುವವರು ನಿಮಗಿಷ್ಟವಾದ ಒಂದು ದುಬಾರಿ ಬಾಟಲಿ ಒಯ್ದು, ಕಾರ್ಕೇಜ್ ಕೊಟ್ಟು, ಊಟದ ಮೇಜಿನಲ್ಲೇ ತೆರೆಸಿ. ಆ ರಾತ್ರಿ ನೀರಿನ ಲೋಟದಲ್ಲಿ ಕುಡಿಯಬೇಡಿ. ಬೆಳಿಗ್ಗೆಯೇ ಬಾಟಲಿಯನ್ನು ಡೈನಿಂಗ್ ಹಾಲಿನವರಿಗೆ ಕೊಟ್ಟುಬಿಟ್ಟರೆ ರಾತ್ರಿಗೆ ಸರಿಯಾಗಿ ತಂಪು ಮಾಡಿ ಇಟ್ಟಿರುತ್ತಾರೆ.

ನಾರ್ವೇಜಿಯನ್‌ನಲ್ಲಿ ಹೋಗುವ ಗೆಳೆಯರ ಗುಂಪು ಮ್ಯಾಗ್ನಂ ಬಾಟಲಿಯ ಬಗ್ಗೆ ಯೋಚಿಸಬಹುದು, ಅಲ್ಲಿ ಅದು ನಡೆಯುತ್ತದೆ, ಹತ್ತು ಗ್ಲಾಸು ಬರುತ್ತದೆ. ಶುಲ್ಕ ಎರಡು ಬಾಟಲಿಯಷ್ಟೇ ಇರುವುದರಿಂದ ದುಡ್ಡಿನಲ್ಲಿ ಲಾಭವಿಲ್ಲ, ದೊಡ್ಡ ಮೇಜಿಗೆ ಚೆಂದ ಅಷ್ಟೇ. ಎಂಎಸ್‌ಸಿಯಲ್ಲಿ ಹೋಗುವವರು ಒಯ್ಯುವ ಯೋಚನೆ ಬಿಟ್ಟು ಬುಕ್ ಮಾಡುವಾಗಲೇ ಪ್ಯಾಕೇಜಿನ ಬೆಲೆ ನೋಡಿ, ಹಡಗು ಹತ್ತಿದ ಮೇಲೆ ಕೊಂಡರೆ ಸಾಮಾನ್ಯವಾಗಿ ದುಬಾರಿ.

ಒಬ್ಬರೇ ಹೋಗುವವರಿಗೆ ಒಂದು ಬಾಟಲಿ ಐದು ಸಂಜೆಗೆ ಒಂದೊಂದು ಗ್ಲಾಸು ಅಂತಾಗುತ್ತದೆ. ಫ್ರಿಜ್ಜಿನಲ್ಲಿ ಮುಚ್ಚಿಟ್ಟ ಕೆಂಪು ವೈನ್ ಮೂರರಿಂದ ಐದು ದಿನ ತಡೆಯುತ್ತದೆ, ಸ್ಪಾರ್ಕ್ಲಿಂಗ್ ಅಷ್ಟು ತಡೆಯುವುದಿಲ್ಲ. ಅದಕ್ಕೆ ಒಬ್ಬರಿದ್ದಾಗ ನನ್ನ ಮೇಲಿನ ಶಾಂಪೇನ್ ಮಾತು ಬಿಟ್ಟು ತಿರುಗಿಸುವ ಮುಚ್ಚಳದ ಕೆಂಪು ವೈನ್ ಒಯ್ಯಿರಿ.

ಬಂದರಿನಲ್ಲಿ ಕೊಂಡ ಬಾಟಲಿ

ದಾರಿಯಲ್ಲಿ ವೈನ್ ಸೀಮೆಯ ಬಂದರು ಸಿಕ್ಕರೆ ಕೊಳ್ಳದೇ ಇರಲು ಆಗುವುದಿಲ್ಲ. ವಾಪಸ್ ಹತ್ತುವಾಗ ಹೆಚ್ಚಿನ ಹಡಗುಗಳಲ್ಲಿ ಅದನ್ನು ತೆಗೆದುಕೊಂಡು ರಸೀದಿ ಕೊಟ್ಟು ಕೊನೆಯ ದಿನದವರೆಗೆ ಇಟ್ಟುಕೊಳ್ಳುತ್ತಾರೆ. ಡಿಸ್ನಿ, ವೈಕಿಂಗ್‌ನಲ್ಲಿ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಹಡಗಿನ ಒಳಗಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಗೂ ಹೆಚ್ಚಾಗಿ ಇದೇ ನಿಯಮ, ಇಂದು ಕೊಂಡು ಇಂದೇ ಕುಡಿಯುವಂತಿಲ್ಲ. ಹಾಗಾಗಿ ಬಂದರಿನ ವೈನನ್ನು ಪ್ರಯಾಣದಲ್ಲಿ ಕುಡಿಯುವ ಆಯ್ಕೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಮನೆಗೆ ಒಯ್ಯುವುದಕ್ಕೆ ಮಾತ್ರ ಕೊಳ್ಳಿ. ಸುಂಕವಿಲ್ಲದೇ ಎಷ್ಟು ತರಬಹುದು ಅನ್ನುವುದು ನೀವು ಇಳಿಯುವ ದೇಶದ ಮೇಲಿದೆ. ಅಮೆರಿಕದಲ್ಲಿ 21 ದಾಟಿದವರಿಗೆ ಸಾಮಾನ್ಯವಾಗಿ ಒಂದು ಲೀಟರ್, ಯೂರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ವಿಮಾನದಲ್ಲೋ ಹಡಗಿನಲ್ಲೋ ಬರುವ ದೊಡ್ಡವರಿಗೆ ನಾಲ್ಕು ಲೀಟರ್ ಮಾಮೂಲಿ ವೈನ್.

ಎತ್ತಿಟ್ಟ ಬಾಟಲಿಗಳು ಕೈಗೆ ಬರುವುದು ಕೊನೆಯ ರಾತ್ರಿ, ಇಲ್ಲವೇ ಇಳಿಯುವ ಬೆಳಿಗ್ಗೆ. ದೊಡ್ಡ ಪೆಟ್ಟಿಗೆಯನ್ನು ಬಾಗಿಲ ಹೊರಗೆ ಇಡಬೇಕಾದ್ದೂ ಅದೇ ರಾತ್ರಿ. ಬಾಟಲಿ ಬರುವ ಮೊದಲೇ ಪೆಟ್ಟಿಗೆ ಹೊರಗಿಟ್ಟರೆ ಆಮೇಲೆ ಆ ಬಾಟಲಿ ಕೈಯಲ್ಲೇ ಉಳಿಯುತ್ತದೆ, ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ ಹೋಗುವವರು ಸಾಲಿನಲ್ಲಿ ನಿಂತು ಪೆಟ್ಟಿಗೆ ಬಿಚ್ಚಬೇಕಾಗುತ್ತದೆ. ಅವತ್ತು ಸಂಜೆಯೇ ಸ್ಟುವರ್ಡ್ ಹತ್ತಿರ ಬಾಟಲಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿಕೊಳ್ಳಿ. ಪೆಟ್ಟಿಗೆಯ ನಡುವೆ ಒಂದು ಬಾಟಲಿಯಷ್ಟು ಜಾಗ ಮತ್ತು ಸುತ್ತಲು ಒಂದು ದಪ್ಪ ಟವೆಲ್ ಬಿಟ್ಟಿರಿ.